ಬೋರ್ಡ್ ಮೇಷ್ಟ್ರ ಅಕ್ಷರಗಳಿಗೆ ಇನ್ನೊಂದು ಮನೆ

ನಮ್ಮ ಅಂಗಡಿಯ ಕಂಪ್ಯೂಟರ್ ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಮಾಡಲು ಶುರುಮಾಡಿ ಒಂದು ತಿಂಗಳಾಗಿತ್ತು. ಎಲ್ಲರ ಮನೆಯ ಕಥೆಯೂ ಇದೇ. ಮಿಕ್ಸಿ ಸದ್ದು ಮಾಡಿದರೆ ಅದೇ ದಿನ ರಿಪೇರಿಗೆ ಕೊಡುತ್ತೇವೆ, ಕಂಪ್ಯೂಟರ್ ಸದ್ದು ಮಾಡಿದರೆ ಮೇಲೊಂದು ಏಟು ಕೊಟ್ಟು ಕೆಲಸ ಮುಂದುವರಿಸುತ್ತೇವೆ. ನನ್ನ ಮಗಳೂ ಅದನ್ನೇ ಮಾಡುತ್ತಿದ್ದಳು. ಫ್ಯಾನಿಗೆ ಧೂಳು ಹಿಡಿದಿದೆ ಅಷ್ಟೇ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಆ ಕಂಪ್ಯೂಟರಿನಲ್ಲಿ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಯಜಮಾನರು ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡ್ ಬರೆದವರು. ಊರಿಗೆಲ್ಲ ಅವರು ಬೋರ್ಡ್ ಮೇಷ್ಟ್ರು. ನಮ್ಮ ಬೀದಿಯ ಈ ತುದಿಯ ಬೇಕರಿಯಿಂದ ಆ ತುದಿಯ ಸೈಕಲ್ ಅಂಗಡಿಯವರೆಗೆ ಇವರ ಕೈಬರಹವನ್ನೇ ಓದಿಕೊಂಡು ಹೋಗಬಹುದು. ನಾನಂತೂ ಹಾಗೇ ಓದಿಕೊಂಡು ಹೋಗುತ್ತೇನೆ, ಬೇಕೆಂದೇ ನಿಧಾನವಾಗಿ. ಹೆಮ್ಮೆಪಡಲು ನಾನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಬ್ರಷ್ಷಿನ ಕಾಲ ಹೋಗಿ ಮಷೀನಿನಲ್ಲಿ ಸ್ಟಿಕ್ಕರ್ ಹಾಳೆಯಿಂದ ಅಕ್ಷರ ಕತ್ತರಿಸುವ ಕಾಲ ಬಂದಾಗ ಮಗಳು ಅಪ್ಪನ ಮುಂದೆ ಕಂದು ಕಾಗದ ಹಾಸಿದಳು. ಇವರು ನಾಲ್ಕು ವರ್ಷ ಕೂತು ಬರೆದರು. ದಪ್ಪ ಅಕ್ಷರ, ತೆಳು ಅಕ್ಷರ, ಹಿಂದೆ ನೆರಳು ಬಿದ್ದಂತೆ ಕಾಣುವ ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿ ಸಾವಿರದ ಇನ್ನೂರಕ್ಕೂ ಮೇಲೆ. ಮಗಳು ಒಂದೊಂದನ್ನೂ ಸ್ಕ್ಯಾನ್ ಮಾಡಿ, ಅಂಚು ತಿದ್ದಿ ಕಂಪ್ಯೂಟರಿಗೆ ಏರಿಸಿದಳು. ಹಾಗಾಗಿ ಇವತ್ತು ಮಷೀನು ಕತ್ತರಿಸಿದರೂ ಬೋರ್ಡಿನ ಮೇಲೆ ಬರುವುದು ಇವರದೇ ಅಕ್ಷರ. ಅಂಥ ಅಕ್ಷರ ಬೇರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಟ್ಟದ ಮೇಲಿಟ್ಟಿದ್ದ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತು. ಹೋದ ವರ್ಷದಿಂದ ಇವರ ಬಲಗೈ ನಡುಗುತ್ತದೆ. ಲೋಟ ಹಿಡಿಯಲು ಎರಡೂ ಕೈ ಬೇಕು. ಹೊರಗೆ ಹೊರಟರೆ ಆ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಇನ್ನೊಮ್ಮೆ ಬರೆಯುವುದು ಆಗದ ಮಾತು. ನಲವತ್ತು ವರ್ಷದ ಕೈಚಳಕವೆಲ್ಲ ಆ ಒಂದು ಪೆಟ್ಟಿಗೆಯಲ್ಲಿತ್ತು, ಆ ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಿತ್ತು.

ಆ ಸದ್ದಿಗೆ ಮೊದಲು ಕಿವಿಗೊಟ್ಟವರು ಲೈಬ್ರರಿ ಮೇಡಂ. ಲೈಬ್ರರಿಗೆ ಹೊಸ ಬೋರ್ಡ್ ಮಾಡಿಸಲು ಬಂದವರು ಅಳತೆ ಹೇಳುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಅವರ ಹಳೆಯ ಕಂಪ್ಯೂಟರೂ ಹೀಗೇ ಸದ್ದು ಮಾಡುತ್ತಿದ್ದು, ಒಂದು ಬೆಳಿಗ್ಗೆ ಏಳಲೇ ಇಲ್ಲವಂತೆ.

"ಈ ಅಕ್ಷರಗಳ ಇನ್ನೊಂದು ಕಾಪಿ ಎಲ್ಲಿದೆ?" ಎಂದು ಮಗಳನ್ನು ಕೇಳಿದರು.

"ಇದರಲ್ಲೇ ಇದೆಯಲ್ಲ ಮೇಡಂ, ಇನ್ನೊಂದು ಫೋಲ್ಡರಿನಲ್ಲಿ."

"ಮನೆಯ ಎರಡೂ ಬೀಗದ ಕೈಯನ್ನ ಒಂದೇ ಗೊಂಚಲಿಗೆ ಹಾಕ್ಕೊಂಡು ಓಡಾಡ್ತೀಯಾ? ಕಳೆದುಹೋದ್ರೆ ಎರಡೂ ಒಟ್ಟಿಗೇ ಹೋಗುತ್ತೆ."

ಆಮೇಲೆ ಅವರೇ ಬಿಡಿಸಿ ಹೇಳಿದರು. ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕ್ ಎಂದು ಸಿಗುತ್ತದೆ, ಅಂಗೈಯಗಲ ಇರುತ್ತದೆ. ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಫೈಲುಗಳನ್ನು ಕಾಪಿ ಮಾಡಿ, ಬಿಚ್ಚಿ ಬೇರೆ ಜಾಗದಲ್ಲಿ ಇಡಬೇಕು. ಸಿಕ್ಕಿಸಿಯೇ ಬಿಟ್ಟರೆ ಕಂಪ್ಯೂಟರಿಗೆ ಬಂದ ವೈರಸ್ ಅದಕ್ಕೂ ಬರುತ್ತದೆ, ಪಕ್ಕದಲ್ಲೇ ಇಟ್ಟರೆ ಕಳ್ಳ ಎರಡನ್ನೂ ಹೊತ್ತೊಯ್ಯುತ್ತಾನೆ. ಇಷ್ಟು ಹೇಳಿ, ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. ಕಾಪಿ ಮಾಡಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ ಎಂದರು.

ಮಗಳಿಗೆ ಇದೆಲ್ಲ ಅತಿಯಾಯಿತು ಅನ್ನಿಸಿತು. ಇಷ್ಟು ವರ್ಷ ಏನೂ ಆಗಿಲ್ಲ, ಈಗೇನಾಗುತ್ತೆ ಎಂಬುದು ಅವಳ ವಾದ. ನಾನು ಬಿಡಲಿಲ್ಲ. ಉಣ್ಣುವಾಗ, ಅಂಗಡಿಯ ಬಾಗಿಲು ತೆಗೆಯುವಾಗ, ಹಾಕುವಾಗ ಅದೇ ರಾಗ ಎಳೆದೆ. ನಾಲ್ಕನೆಯ ದಿನ ನನ್ನ ಕಾಟ ತಾಳಲಾರದೆ ಹೋಗಿ ಡಿಸ್ಕ್ ತಂದಳು. ಸಿಕ್ಕಿಸಿದಳು, ಏನೋ ಒತ್ತಿದಳು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು ಎಂದಳು.

ಇವರು ಹುಬ್ಬೇರಿಸಿದರು. "ಒಂದು ಅಕ್ಷರಕ್ಕೆ ನಂಗೆ ಒಂದು ದಿನ ಹಿಡೀತಿತ್ತು. ಎಲ್ಲಾನೂ ಇಷ್ಟು ಬೇಗ ಬಂದ್ಬಿಡ್ತಾ?"

ಕಂಪ್ಯೂಟರ್ ಎಂದರೆ ಹಾಗೇ ಎಂದು ಮಗಳು ನಕ್ಕಳು. ಡಿಸ್ಕಿನ ಒಳಗಿಂದಲೇ ಒಂದು ಫೋಲ್ಡರ್ ತೆರೆದು ತೋರಿಸಿದಳು. ಇವರು ಬರೆದ ದಪ್ಪ ಅಕ್ಷರಗಳು ಸಾಲಾಗಿ ಕಂಡವು. ಇನ್ನೇನು ಬೇಕು ಎಂದು ನಾನೂ ಸುಮ್ಮನಾದೆ.

ಮರುದಿನ ಡಿಸ್ಕ್ ಹಿಡಿದು ಇವರೂ ನಾನೂ ಲೈಬ್ರರಿಗೆ ಹೋದೆವು. ಮೇಡಂ ಹೇಳಿದ ಪರೀಕ್ಷೆಗೆ ಎಂದು ಹೊರಟರೂ, ನಿಜ ಹೇಳಬೇಕೆಂದರೆ ನಾನು ಹೋದದ್ದು ಜಂಬ ಕೊಚ್ಚಿಕೊಳ್ಳಲು. ಅಲ್ಲಿ ಪೇಪರ್ ಓದುತ್ತಾ ಕೂತವರೆಲ್ಲ ಇವರ ಅಕ್ಷರ ನೋಡಲಿ ಎಂದು ಆಸೆ. ನಾಲ್ಕು ಜನರನ್ನು ಕರೆದು ಸುತ್ತ ನಿಲ್ಲಿಸಿಕೊಂಡೆ. ಮೇಡಂ ಡಿಸ್ಕ್ ಸಿಕ್ಕಿಸಿದರು. ಫೋಲ್ಡರುಗಳ ಹೆಸರೆಲ್ಲ ಬಂತು. ಒಂದನ್ನು ಒತ್ತಿದರು, ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದರು. ಫೈಲ್ ಸಿಗುತ್ತಿಲ್ಲ ಎಂಬ ಮಾತು ಬಿಟ್ಟರೆ ಪರದೆಯ ಮೇಲೆ ಬೇರೇನೂ ಇಲ್ಲ.

ಮೇಡಂಗೆ ತಕ್ಷಣ ಗೊತ್ತಾಯಿತು. ಮಗಳು ಕೈಗೆ ಬೇಗ ಸಿಗಲಿ ಎಂದು ಪರದೆಯ ಮೇಲೆ ಪ್ರತಿ ಫೋಲ್ಡರಿಗೂ ಒಂದು ಶಾರ್ಟ್‌ಕಟ್ ಮಾಡಿಟ್ಟುಕೊಂಡಿದ್ದಳು. ಕಾಪಿ ಮಾಡುವಾಗ ಆ ಶಾರ್ಟ್‌ಕಟ್‌ಗಳನ್ನಷ್ಟೇ ಡಿಸ್ಕಿಗೆ ಹಾಕಿದ್ದಳು. ಅದು ದಾರಿ ತೋರಿಸುತ್ತದೆಯೇ ಹೊರತು ಅದರೊಳಗೆ ಫೈಲ್ ಇರುವುದಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಒತ್ತಿದಾಗ ಅದು ನಮ್ಮ ಕಂಪ್ಯೂಟರಿನೊಳಗಿನ ಫೈಲನ್ನೇ ತೆರೆದಿತ್ತು. ಡಿಸ್ಕ್ ಖಾಲಿ ಇದ್ದ ಹಾಗೆಯೇ.

ಇವರು ಪರದೆಯ ಹತ್ತಿರ ಬಗ್ಗಿ ಆ ಹೆಸರುಗಳನ್ನು ಒಂದೊಂದಾಗಿ ಓದಿದರು. "ಅಂದ್ರೆ ಬೋರ್ಡ್ ಇದೆ, ಅಂಗಡಿ ಇಲ್ಲ," ಎಂದರು.

"ಅದೇ ಮೇಷ್ಟ್ರೇ," ಎಂದರು ಮೇಡಂ.

ತಮಾಷೆಗೆಂಬಂತೆ ಹೇಳಿದರೂ ಜೇಬಿನೊಳಗೆ ಇವರ ಕೈ ಜೋರಾಗಿ ನಡುಗುತ್ತಿದ್ದದ್ದು ನನಗೆ ಕಂಡಿತು. ನನ್ನ ಜಂಬ ಅಲ್ಲೇ ಜರ್ರನೆ ಇಳಿಯಿತು.

ಅಂಗಡಿಗೆ ಓಡುವ ನಡಿಗೆಯಲ್ಲೇ ಬಂದೆವು. ವಿಷಯ ಕೇಳಿ ಮಗಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಕಂಪ್ಯೂಟರ್ ಹಚ್ಚಿದಳು, ಶುರುವಾಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಗೊರಗೊರ ಎನ್ನುತ್ತಾ ಎದ್ದಿತು. ಈ ಸಲ ಅವಳು ಅಸಲಿ ಫೋಲ್ಡರುಗಳನ್ನೇ ಹುಡುಕಿ ಕಾಪಿಗೆ ಹಾಕಿದಳು. ಕಂಪ್ಯೂಟರ್ ತಡವರಿಸುತ್ತಿದ್ದರಿಂದ ಮೂರು ಗಂಟೆ ಹಿಡಿಯಿತು. ಮೂವರಲ್ಲಿ ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ಟಿಕ್ ಎಂದಾಗಲೆಲ್ಲ ನಾನು ಮಗಳ ತೋಳು ಹಿಡಿದುಕೊಳ್ಳುತ್ತಿದ್ದೆ. ಇವರು ಮಾತ್ರ ನೂರಕ್ಕೆ ಎಷ್ಟಾಯಿತು ಎಂದು ಮೆಲ್ಲಗೆ ಓದುತ್ತಾ ಕೂತಿದ್ದರು, ಈಗ ಬೇಗ ಆಗದಿರುವುದೇ ಅವರಿಗೆ ನಂಬಿಕೆ ತಂದಂತಿತ್ತು.

ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಕೊಂಡು ಮಗಳೇ ಲೈಬ್ರರಿಗೆ ಹೋದಳು. ಅಲ್ಲಿ ಪ್ರತಿ ಫೋಲ್ಡರನ್ನೂ ತೆರೆದು ನೋಡಿ ಬಂದಳು. ಬಂದು ಅಪ್ಪನ ಪಕ್ಕ ಕೂತು, ತಪ್ಪು ನನ್ನದೇ ಎಂದಳು. ನಾನು ಗೆದ್ದಲಿಗೆ ಬಿಟ್ಟ ಕಾಗದಕ್ಕಿಂತ ನಿನ್ನ ಕೆಲಸವೇ ವಾಸಿ ಎಂದು ಇವರು ಅವಳ ತಲೆ ಸವರಿದರು.

ಅದಾಗಿ ಹನ್ನೊಂದನೆಯ ದಿನ ಆ ಕಂಪ್ಯೂಟರ್ ಏಳಲಿಲ್ಲ. ರಿಪೇರಿಯವನು ಬಿಚ್ಚಿ ನೋಡಿ, ಇದರೊಳಗಿಂದ ಏನನ್ನೂ ತೆಗೆಯಲಾಗದು ಎಂದು ಕೈಚೆಲ್ಲಿದ. ಮಗಳು ಹೋಗಲಿ ಬಿಡಿ ಎಂದಳು. ಬೇರೆ ಕಂಪ್ಯೂಟರ್ ತಂದು ಅದಕ್ಕೆ ಡಿಸ್ಕ್ ಸಿಕ್ಕಿಸಿದಳು, ಅಷ್ಟೂ ಅಕ್ಷರಗಳು ಬಂದು ಕೂತವು. ಅವತ್ತೇ ಸಂಜೆ ಲೈಬ್ರರಿಯ ಬೋರ್ಡಿಗೆ ಅಕ್ಷರ ಕತ್ತರಿಸಿದಳು.

ಆ ಬೋರ್ಡ್ ಏರಿಸಿದ ದಿನ ಇವರು ಕೆಳಗೆ ನಿಂತು, ಬಲ ಮೂಲೆ ಒಂದು ಬೆರಳು ಮೇಲೆ ಎಂದು ಹೇಳಿ ಸರಿ ಮಾಡಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ನಿಂತು ತಲೆಯೆತ್ತಿ ಓದಿ, ಎಷ್ಟು ಚೆಂದ, ಯಾರು ಬರೆದದ್ದು ಎಂದು ಕೇಳಿದರು.

"ಬರೆದದ್ದು ನಾನು," ಎಂದರು ಇವರು. ಆಮೇಲೆ ಜೇಬಿನಿಂದ ಆ ನಡುಗುವ ಕೈಯನ್ನು ಹೊರಗೆ ತೆಗೆದು, ಏಣಿಯ ಮೇಲಿದ್ದ ಮಗಳ ಕಡೆಗೆ ತೋರಿಸಿದರು. "ಉಳಿಸಿದ್ದು ಅವಳು."

ಒಂದು ವರ್ಷದಿಂದ ಹೊರಗಿನವರ ಮುಂದೆ ತೆಗೆಯದ ಕೈ ಅದು. ನನಗೆ ಅಲ್ಲೇ ಕಣ್ಣು ತುಂಬಿ ಬಂತು, ಸೆರಗಿನಲ್ಲಿ ಒರೆಸಿಕೊಂಡೆ, ಮುಚ್ಚಿಡುವುದೇನಿದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಂಪ್ಯೂಟರಿನಲ್ಲೂ ಮತ್ತೆ ಮಾಡಲಾಗದ್ದು ಏನೋ ಇದ್ದೇ ಇರುತ್ತದೆ. ತೀರಿಹೋದ ಅಮ್ಮನ ಫೋಟೋ ಇರಬಹುದು, ಮಗು ಮೊದಲು ನಡೆದ ವಿಡಿಯೋ ಇರಬಹುದು. ಈ ವಾರವೇ ಒಂದು ಹಾರ್ಡ್ ಡಿಸ್ಕಿಗೆ ಅದನ್ನು ಕಾಪಿ ಮಾಡಿ. ಅಸಲಿ ಫೈಲನ್ನೇ ಮಾಡಿ, ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಬಿಚ್ಚಿ ಬೇರೆ ಕಡೆ ಇಡಿ. ನಾವು ಪ್ರತಿ ಶನಿವಾರ ಅಂಗಡಿ ಮುಚ್ಚುವ ಮೊದಲು ಮಾಡುತ್ತೇವೆ. ನಮ್ಮ ಡಿಸ್ಕ್ ಲೈಬ್ರರಿ ಮೇಡಂ ಅವರ ಬೀರುವಿನಲ್ಲಿದೆ. ಸದ್ದು ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ನಮ್ಮದು ಒಂದು ತಿಂಗಳಿಗೂ ಹೆಚ್ಚು ಸದ್ದು ಮಾಡಿ ಎಚ್ಚರಿಸಿತು, ನಿಮ್ಮದು ಎಚ್ಚರಿಸದೆಯೇ ಹೋಗಬಹುದು.