ಗೊಂಬೆ ಡಾಕ್ಟರ ಖಾತೆಗೆ ಬಿದ್ದ ಬೀಗ

ಮಂಗಳವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಮೇಜಿನ ದೀಪ ಹಾಕಿ ಗೊಂಬೆ ಡಾಕ್ಟರು ಫೋನು ಕೈಗೆತ್ತಿಕೊಂಡರೆ, ಅದರೊಳಗೆ ಅವರ ಅಂಗಡಿಯ ಪುಟವೇ ಇರಲಿಲ್ಲ. ಹಾಕಿದ ಫೋಟೋಗಳಿಲ್ಲ, ಗಿರಾಕಿಗಳ ಮೆಸೇಜುಗಳಿಲ್ಲ. ಬಿಳಿ ಪರದೆಯ ನಡುವೆ ಎರಡೇ ಸಾಲು: 'ನಿಮ್ಮ ಖಾತೆಯನ್ನು ಅಮಾನತು ಮಾಡಲಾಗಿದೆ. ಕಾರಣ: ಹಿಂಸೆಯ ದೃಶ್ಯಗಳು.'

"ಹಿಂಸೆನಾ? ನಾನಾ?" ಎಂದು ಡಾಕ್ಟರು ಖಾಲಿ ಅಂಗಡಿಯನ್ನೇ ಕೇಳಿದರು. ಸೊಳ್ಳೆ ಹೊಡೆಯುವಾಗಲೂ ಕಣ್ಣು ಮುಚ್ಚಿಕೊಳ್ಳುವ ಹೆಂಗಸು ಅವರು!

ಡಾಕ್ಟರು ಅಂದರೆ ಓದಿ ಪಾಸಾದ ಡಾಕ್ಟರಲ್ಲ. ಮಕ್ಕಳ ಗೊಂಬೆ ರಿಪೇರಿ ಮಾಡುವವರು. ಕಿತ್ತುಬಂದ ಕೈ, ತಲೆಯೊಳಗೆ ಬಿದ್ದುಹೋದ ಗಾಜಿನ ಕಣ್ಣು, ನಾಯಿ ಅಗಿದ ಮೂಗು, ಎಲ್ಲವೂ ಅವರ ಮೇಜಿನ ಮೇಲೆ ಸರಿಹೋಗುತ್ತಿದ್ದವು. ಬೀದಿಯವರು ಏನೇ ಕರೆಯಲಿ, ಅಂಗಡಿಯೊಳಗೆ ಮಾತ್ರ 'ಗೊಂಬೆ' ಅನ್ನುವ ಮಾತು ಯಾರ ಬಾಯಿಂದಲೂ ಬರಕೂಡದು. ಗಿರಾಕಿಗಳು ಪುಟಾಣಿಗಳು ನೋಡಿ, ಆ ಮಾತು ಕೇಳಿದರೆ ಅವರ ಮುಖ ಬಾಡುತ್ತದೆ. ಅಲ್ಲಿಗೆ ಬಂದವರೆಲ್ಲ ಪೇಷೆಂಟುಗಳು. ಅವರ ಹೆಸರು ಕೇಳಬೇಕು, ಎಲ್ಲಿ ನೋವು ಅಂತ ವಿಚಾರಿಸಬೇಕು. ಪಾರ್ಸೆಲಿನಲ್ಲಿ ಬಂದವರನ್ನಂತೂ ಒಂದು ನಿಮಿಷವೂ ಡಬ್ಬದಲ್ಲಿ ಬಿಡುವಂತಿಲ್ಲ. ತಕ್ಷಣ ಹೊರತೆಗೆದು ಮಲಗಿಸಿ, ಡಬ್ಬ ಹರಿದು ಕಸದ ಗಾಡಿಗೆ ಹಾಕುವುದು ಪದ್ಧತಿ. ವಿಳಾಸಕ್ಕೇನು, ಮೆಸೇಜಿನಲ್ಲಿ ಇದ್ದೇ ಇರುತ್ತದಲ್ಲ!

ಎಡವಟ್ಟಾದದ್ದು ಅಲ್ಲೇ. ಈಗ ಮೇಜಿನ ಮೇಲೆ ಮಲಗಿದ್ದವನು ಗುಂಡ. ಮೆತ್ತನೆಯ ಬಟ್ಟೆಯ ಮೈ, ಗಟ್ಟಿ ತಲೆ, ಮುರಿದ ಕುತ್ತಿಗೆ. ಬೇರೆ ಊರಿನ ಒಂದು ಪುಟ್ಟ ಹುಡುಗಿಯವನು. ಅವಳಿಗೆ ಶುಕ್ರವಾರ ಎದೆಯ ಆಪರೇಷನ್. ಗುಂಡ ವಾಸಿಯಾಗಿ ಬರದಿದ್ದರೆ ತಾನು ಆ ಕೋಣೆಯೊಳಗೆ ಹೋಗುವುದೇ ಇಲ್ಲ ಎಂದು ಹಠ ಹಿಡಿದಿದ್ದಾಳೆಂದು ತಾಯಿ ಬರೆದಿದ್ದಳು. ಯಾವ ಆಸ್ಪತ್ರೆ, ಯಾವ ವಾರ್ಡು, ತಾಯಿಯ ಫೋನ್ ನಂಬರು, ಎಲ್ಲವೂ ಆ ಮೆಸೇಜಿನಲ್ಲೇ ಇದ್ದವು. ಮೆಸೇಜು ಬೀಗದೊಳಗೆ. ಡಬ್ಬ ಕಸದ ಪಾಲು.

ಆಫೀಸಿಗೆ ಹೋಗುವ ದಾರಿಯಲ್ಲಿ ಊಟದ ಡಬ್ಬಿ ಕೊಡಲು ಬಂದ ಸೊಸೆ ಅತ್ತೆಯ ಮುಖ ನೋಡಿ ಗಾಬರಿಯಾದಳು.

"ಏನಾಯ್ತು ಅತ್ತೆ?"

ಡಾಕ್ಟರು ಫೋನು ಕೊಟ್ಟರು. ತಾವೇ ಒಂದು ಮನವಿ ಬರೆದು ಕಳಿಸಿಯೂ ಆಗಿತ್ತು. ಸೊಸೆ ಓದಿದಳು: 'ಮಾನ್ಯರೇ, ತಲೆ ತೆಗೆದದ್ದು ನಿಜ. ಪೇಷೆಂಟಿನ ಮನೆಯವರೇ ಕೇಳಿಕೊಂಡಿದ್ದರು. ಕಣ್ಣುಗಳನ್ನು ಬಟ್ಟಲಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಇವತ್ತಿನವರೆಗೆ ಒಬ್ಬ ಪೇಷೆಂಟೂ ದೂರು ಹೇಳಿಲ್ಲ.'

ಸೊಸೆ ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದಳು. "ಅಯ್ಯೋ ಅತ್ತೆ! ಇದನ್ನ ಓದಿದವ್ರು ಪೊಲೀಸರನ್ನ ಕಳಿಸಲಿಲ್ವಲ್ಲ, ನಮ್ಮ ಪುಣ್ಯ!"

ಪೊಲೀಸರು ಬಂದಿರಲಿಲ್ಲ, ಉತ್ತರ ಬಂದಿತ್ತು: 'ಮನವಿ ತಿರಸ್ಕೃತವಾಗಿದೆ. ಇನ್ನು ಒಂದೇ ಅವಕಾಶ ಉಳಿದಿದೆ.'

"ನಗಬೇಡ ಕಣೇ," ಎಂದರು ಡಾಕ್ಟರು. "ನನ್ನ ಅಂಗಡಿ ಹೋದ್ರೆ ಹೋಗ್ಲಿ. ಆ ಮಗು ಇವನಿಗೋಸ್ಕರ ಕಾಯ್ತಾ ಇರುತ್ತೆ."

ಗುಂಡನ ಕತೆ ಕೇಳಿದ ಮೇಲೆ ಸೊಸೆಯ ನಗು ನಿಂತಿತು. ಹೆಗಲ ಚೀಲ ಕೆಳಗಿಟ್ಟು, ಆಫೀಸಿಗೆ ಫೋನ್ ಮಾಡಿ ಅರ್ಧ ದಿನ ರಜೆ ಕೇಳಿದಳು. ವಿಮಾ ಕಂಪನಿಯಲ್ಲಿ ಜನರ ಅರ್ಜಿಗಳನ್ನು ಓದುವುದೇ ಅವಳ ಕೆಲಸ.

"ಮೊದಲನೇ ಸಾಲಲ್ಲೇ 'ಇವು ಗೊಂಬೆಗಳು' ಅಂತ ಬರೀಬೇಕು ಅತ್ತೆ."

"ಹಾಗೆ ಬರೆಯೋಕೆ ನನ್ನ ಕೈಲಾಗಲ್ಲ."

"ಅಲ್ಲಿ ಓದೋರು ಮಕ್ಕಳಲ್ಲ, ಸುಸ್ತಾಗಿರೋ ದೊಡ್ಡವರು. ನನಗೆ ಗೊತ್ತಿಲ್ವಾ? ಮೊದಲನೇ ಸಾಲಲ್ಲಿ ವಿಷಯ ಇಲ್ಲ ಅಂದ್ರೆ ಎರಡನೇದಕ್ಕೆ ಕಣ್ಣೇ ಹೋಗಲ್ಲ. ಅವರಿಗೂ ಒಂಚೂರು ಸಹಾಯ ಮಾಡಿ."

ಡಾಕ್ಟರು ಎದ್ದು, ಗುಂಡನ ಕಿವಿ ಮುಚ್ಚುವಂತೆ ತಲೆಗೊಂದು ಟವೆಲು ಸುತ್ತಿ ಬಂದು, ಒಂದೊಂದೇ ಅಕ್ಷರ ಒತ್ತಿದರು: 'ಇವು ಗೊಂಬೆಗಳು. ನಾನು ರಿಪೇರಿ ಮಾಡುವವಳು. ಫೋಟೋದಲ್ಲಿ ಕಾಣುವುದು ಹತ್ತಿ ಮತ್ತು ಬಟ್ಟೆ. ಶುಕ್ರವಾರ ಒಂದು ಮಗುವಿಗೆ ಆಪರೇಷನ್ ಇದೆ. ಅವಳ ಗೊಂಬೆ ನನ್ನ ಹತ್ತಿರ ಇದೆ, ಅವಳ ವಿಳಾಸ ನಿಮ್ಮ ಹತ್ತಿರ ಇದೆ.' ಹತ್ತಿ ಇಣುಕುವ ಕುತ್ತಿಗೆಯ ಪಕ್ಕ ಸೂಜಿ, ದಾರದ ಉಂಡೆ ಇಟ್ಟು ಸೊಸೆ ಒಂದು ಫೋಟೋ ತೆಗೆದು ಸೇರಿಸಿದಳು.

ಬುಧವಾರ ಉತ್ತರವಿಲ್ಲ. ಡಾಕ್ಟರು ಗುಂಡನ ಕುತ್ತಿಗೆ ಹೊಲಿದರು, ಹೊಲಿಗೆ ನಡುವೆ ಫೋನು ನೋಡಿದರು, ಮನಸ್ಸಿಗೆ ಬಂದ ದೇವರನ್ನೆಲ್ಲ ನೆನೆದರು. ಗುರುವಾರ ಮಧ್ಯಾಹ್ನ ಊಟಕ್ಕೆ ಕೈ ಹಾಕುವಷ್ಟರಲ್ಲಿ ಫೋನು ಗುಂಯ್ ಅಂದಿತು: 'ನಿಮ್ಮ ಖಾತೆಯನ್ನು ಮರಳಿಸಲಾಗಿದೆ. ತಪ್ಪಿಗಾಗಿ ವಿಷಾದಿಸುತ್ತೇವೆ.' ಅದರ ಕೆಳಗೆ ಇನ್ನೊಂದು ಪುಟ್ಟ ಸಾಲು: 'ಬೇಗ ಹೊರಡಿ.'

ಅದು ಯಂತ್ರದ ಮಾತಲ್ಲ. ಎಲ್ಲೋ ಒಂದು ಕುರ್ಚಿಯಲ್ಲಿ ಕೂತ ಒಂದು ಜೀವ, ರಾಶಿ ದೂರುಗಳ ನಡುವೆ ಇದನ್ನು ಕೊನೆಯ ತನಕ ಓದಿತ್ತು. "ಯಾರು ಹೆತ್ತ ಮಗುವೋ, ನಿನ್ನ ಹೊಟ್ಟೆ ತಣ್ಣಗಿರಲಿ," ಎಂದು ಡಾಕ್ಟರು ಫೋನಿಗೇ ಕೈ ಮುಗಿದರು. ಯಾರಿಗೆ ಮುಗಿದೆ ಎನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಪಾರ್ಸೆಲಿಗೆ ಸಮಯವಿರಲಿಲ್ಲ. ತಾಯಿಗೆ ಫೋನ್ ಮಾಡಿ, ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿದರು. ಗುಂಡ ಚೀಲಕ್ಕೆ ಹೋಗಲಿಲ್ಲ, ದಾರಿಯುದ್ದಕ್ಕೂ ಡಾಕ್ಟರ ತೊಡೆಯ ಮೇಲೆ ಕೂತು ಬಂದ. ಪಕ್ಕದ ಸೀಟಿನವರು ನಕ್ಕರು. ನಗಲಿ ಬಿಡಿ.

ಶುಕ್ರವಾರ ಬೆಳಿಗ್ಗೆ ವಾರ್ಡಿನಲ್ಲಿ ಹುಡುಗಿ ಆಸ್ಪತ್ರೆಯ ಹಸಿರು ಅಂಗಿ, ಟೋಪಿ ತೊಟ್ಟು, ತುಟಿ ಬಿಗಿದು ಕೂತಿದ್ದಳು. ಗುಂಡನನ್ನು ಕಂಡದ್ದೇ ಕಿತ್ತುಕೊಂಡು, ಕುತ್ತಿಗೆಯ ಹೊಲಿಗೆಯನ್ನು ಬೆರಳಿನಿಂದ ಸವರಿದಳು.

"ಅತ್ತನಾ?"

"ಒಂಚೂರು ಅತ್ತ ಪುಟ್ಟಾ," ಎಂದರು ಡಾಕ್ಟರು. "ಆಮೇಲೆ ನಿದ್ದೆ ಬಂತು. ಎದ್ದಾಗ ಎಲ್ಲಾ ಮುಗಿದುಹೋಗಿತ್ತು."

ಹುಡುಗಿ ಯೋಚಿಸಿದಳು. ಆಮೇಲೆ ನರ್ಸಿನ ಕಡೆ ತಿರುಗಿ, "ಸರಿ, ಹೋಗೋಣ. ಇವನಿಗೂ ಟೋಪಿ ಹಾಕಿ," ಎಂದಳು. ನರ್ಸು ಹಾಕಿದಳು.

ಮಂಚ ಬಾಗಿಲಾಚೆ ಹೋದ ಮೇಲೆ ತಾಯಿ ಡಾಕ್ಟರ ಎರಡೂ ಕೈ ಹಿಡಿದುಕೊಂಡು, "ಈ ಋಣ ಹೇಗೆ ತೀರಿಸ್ಲಿ?" ಎಂದು ಅತ್ತಳು. "ನನಗಲ್ಲಮ್ಮ, ಇವಳಿಗೆ ಹೇಳು. ಇಂಥ ಸೊಸೆ ಸಿಗೋಕೆ ನಾನು ಏನು ಪುಣ್ಯ ಮಾಡಿದ್ನೋ," ಎಂದರು ಡಾಕ್ಟರು. ಸೊಸೆ ಕೆಂಪಾಗಿ ಗೋಡೆ ನೋಡಿದಳು. ಅತ್ತೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮೂವರೂ ಬೆಂಚಿನ ಮೇಲೆ ಕೂತರು. ಬಾಗಿಲಿನ ಈಚೆ ಕೂರುವುದು ಎಷ್ಟು ಕಷ್ಟ ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಸೊಸೆ ಕೊಟ್ಟ ಬಿಸ್ಕತ್ತು ಕೈಯಲ್ಲೇ ಉಳಿಯಿತು. ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಬಾಗಿಲ ಕಡೆ ತಿರುಗುತ್ತಿದ್ದರು.

ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿದ ಯುವತಿ ಬಾಗಿಲು ತೆರೆದು, ಮುಖದ ಮಾಸ್ಕು ಕೆಳಗೆಳೆದು, "ಚೆನ್ನಾಗಿದ್ದಾಳೆ. ಸ್ವಲ್ಪ ಹೊತ್ತಿಗೆ ನೋಡಬಹುದು," ಎಂದಳು.

ಇದೇ ಮಾತನ್ನು ಡಾಕ್ಟರು ತಮ್ಮ ಮೇಜಿನಾಚೆ ನಿಂತ ಎಷ್ಟು ಮಕ್ಕಳಿಗೆ ಹೇಳಿದ್ದರೋ! ಎಷ್ಟೋ ಸಲ ಮುಂದಿನ ಪೇಷೆಂಟಿಗೆ ಕೈ ಚಾಚುತ್ತಾ, ಮಗುವಿನ ಮುಖವನ್ನೂ ನೋಡದೆ ಹೇಳಿದ್ದರು. ಕೇಳಿಸಿಕೊಂಡವರಿಗೆ ಏನಾಗುತ್ತದೆ ಎಂದು ಈಗ ತಿಳಿಯಿತು. ಸೊಸೆಯ ಭುಜ ಹಿಡಿದು ಎದ್ದು ನಿಂತು, ಸೊಸೆಯ ವಯಸ್ಸಿನ ಆ ಯುವತಿಗೆ ಪುಟ್ಟ ಮಕ್ಕಳು ಹೇಳುವ ಹಾಗೆಯೇ ಅಳುತ್ತಾ ಹೇಳಿದರು:

"ಥ್ಯಾಂಕ್ಸ್, ಡಾಕ್ಟ್ರೇ."