ಒಡೆಯರ ಕುರ್ಚಿ

ಪೈರಿನ ಗದ್ದೆಗೆ ಬಯಕೆಯೂಟ ಒಯ್ಯುವ ಭೂಮಿ ಹುಣ್ಣಿಮೆಗೆ ಇನ್ನು ಮೂರೇ ದಿನ ಇತ್ತು. ಯಶೋಧಾ ಜಗಲಿಯಲ್ಲಿ ಕೂತು, ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಿದ್ದಳು. ಅಂಗಳದಲ್ಲಿ ಅವಳ ಮಾವ ಸೀತಾರಾಮಪ್ಪ ಕೋಲೂರಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದ. ಅವನ ಹಿಂದೆ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು, ಅವಳ ಗಂಡ ಶಿವರಾಮ.

"ಮುಟ್ಬೇಡ ಮಾರಾಯ. ನೀ ಹಿಡಿದ್ರೆ ಕಾಲು ಕೆಲಸ ಬಿಟ್ಟು ನಿನ್ನ ಮೇಲೇ ಭಾರ ಹಾಕ್ತದೆ," ಅಂದ ಸೀತಾರಾಮಪ್ಪ.

ತುಳಸಿಕಟ್ಟೆಗೆ ಎರಡು ಸುತ್ತು ಬರುವುದರೊಳಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಈ ಸಲ ಬುಟ್ಟಿಯ ಜೊತೆ ಗದ್ದೆಗೆ ನಡೆದೇ ಹೋಗುತ್ತೇನೆಂದು ಅವನು ಹಟ ಹಿಡಿದಿದ್ದ. ಗದ್ದೆಯೇನು ದೂರವಲ್ಲ. ಅಂಗಳ, ಬೇಲಿಗೆ ಅಡ್ಡಗಳು ಹಾಕಿದ ದಣಪೆ, ಆಮೇಲೆ ಹಳ್ಳ ದಾಟುವ ಮರದ ಸಂಕ, ಅಷ್ಟೇ.

ಶಿವರಾಮನ ಕಣ್ಣು ಮಾತ್ರ ಮತ್ತೆ ಮತ್ತೆ ಜಗಲಿಯ ಕುರ್ಚಿಯ ಮೇಲೆ ಹೋಗುತ್ತಿತ್ತು. ಉದ್ದ ಕೈಯ, ಬೆತ್ತ ಹೆಣೆದ ಆರಾಮ ಕುರ್ಚಿ.

ಅದು ಗದ್ದೆಯ ಹಳೇ ಒಡೆಯರ ಮನೆಯದು. ಶಿವರಾಮ ಸಣ್ಣವನಿದ್ದಾಗ ಅಪ್ಪನ ಹಿಂದೆ ಆ ಮನೆಗೆ ಹೋದವನು ಕಂಡದ್ದು ಅದನ್ನೇ. ಒಡೆಯರು ಕಾಲು ಚಾಚಿ ಅದರಲ್ಲಿ ಒರಗಿರುತ್ತಿದ್ದರು. ಅಪ್ಪ ಅಂಗಳದಲ್ಲಿ ಹೆಗಲ ಮೇಲಿನ ಪಂಚೆ ಕೈಗೆ ತೆಗೆದುಕೊಂಡು ನಿಂತಿರುತ್ತಿದ್ದ. ಗೇಣಿಯ ಗದ್ದೆ ಸ್ವಂತದ್ದಾಗಿ ಎಷ್ಟೋ ವರ್ಷವಾಗಿದ್ದರೂ ಅಪ್ಪ ಆ ಅಂಗಳದಲ್ಲಿ ಕೂತದ್ದಿಲ್ಲ. ಆ ಚಿತ್ರ ಶಿವರಾಮನ ಎದೆಯೊಳಗೆ ಮುಳ್ಳಿನ ಹಾಗೆ ಉಳಿದಿತ್ತು. ಐದು ವರ್ಷದ ಕೆಳಗೆ ಒಡೆಯರ ಮಕ್ಕಳು ಹಳೇ ಮನೆ ಕೆಡವಿಸಿದಾಗ ಕುರ್ಚಿಯನ್ನು ಕೇಳಿ ತಂದ. ಸಾಗರದಲ್ಲಿ ಹೊಸ ಬೆತ್ತ ಹಾಕಿಸಿದ.

"ಇನ್ನು ನೀನು ಕೂರ್ಬೇಕು ಅಪ್ಪಯ್ಯ. ಗೇದಿದ್ದು ಸಾಕು."

"ನನಗೆಂತಕ್ಕೋ ಇದು? ಕೂತ್ರೆ ಕಾಲು ಜೋಮು ಹಿಡೀತದೆ," ಎಂದು ಸೀತಾರಾಮಪ್ಪ ನಕ್ಕಿದ್ದ. ಆದರೂ ಮಗನ ಮುಖ ನೋಡಿ ಕೂತ.

ಸೊಂಟಕ್ಕೆ ಕತ್ತಿ ಸಿಗಿಸುವ ಕೊಕ್ಕೆ ಗೋಡೆಯ ಮೊಳೆಗೆ ಹೋಯಿತು. ಕೊಟ್ಟಿಗೆಯ ದನ ಮಾರಿದ್ದೂ ಶಿವರಾಮನೇ. ಎದುರಿಗೆ ಟಿವಿ ಬಂತು, ಕೂತಲ್ಲಿಗೇ ಚಾ ಬಂತು. "ಒಂದು ಸುತ್ತು ಗದ್ದೆ ಕಡೆ ಹೋಗಿ ಬತ್ತೀನಿ" ಎಂದರೆ, "ಜನ ಎಂತ ಅಂತಾರೆ? ಮಗ ಇದ್ದೂ ಅಪ್ಪನ್ನ ಗೇಯಿಸ್ತಾನೆ ಅಂತಾರೆ" ಎಂದು ಬೈಕು ತೆಗೆಯುತ್ತಿದ್ದ. ಮೊದಲ ವರ್ಷ ಅಪ್ಪ ದಿನಾ ಕೇಳುತ್ತಿದ್ದ. ಎರಡನೆಯ ವರ್ಷ ವಾರಕ್ಕೊಮ್ಮೆ. ಆಮೇಲೆ ಕೇಳುವುದನ್ನೇ ಬಿಟ್ಟ. ಅಪ್ಪ ಈಗ ಆರಾಮಾಗಿದ್ದಾನೆ ಅಂದುಕೊಂಡ ಶಿವರಾಮ. ನೆಂಟರು ಬಂದಾಗ ಕುರ್ಚಿ ತೋರಿಸಿ ಅದು ಯಾರದ್ದೆಂದು ಹೇಳುತ್ತಿದ್ದ.

ಅಪ್ಪನಿಗೆ ಶುಗರ್ ಬಂತು. ಪಾದ ಊದಿತು. ಈ ವರ್ಷ ಚೌತಿಯ ಮುಂಚಿನ ವಾರ ಬಚ್ಚಲಿಗೆ ಹೋದವನು ಹೊಸ್ತಿಲಲ್ಲೇ ಕುಸಿದ. ಸಾಗರದ ಡಾಕ್ಟರು ಪಂಚೆ ಸರಿಸಿ ಮೀನಖಂಡ ಮುಟ್ಟಿ ನೋಡಿದರು. ಬೀಟೆ ಮರದಂಥ ಆ ಕಾಲು ಹಾಲುವಾಣದ ಕೋಲಿನ ಹಾಗೆ ಸಣಕಲಾಗಿತ್ತು.

"ಮೂಳೆ ಮುರಿದಿಲ್ಲ. ಮೊದಲು ಏನು ಕೆಲಸ ಮಾಡ್ತಿದ್ರು?"

"ಗದ್ದೆ ಕೆಲಸ, ಸೊಪ್ಪು ಹೊರೆ, ಎಲ್ಲ ಮಾಡ್ತಿದ್ರು. ಈಗ ಐದು ವರ್ಷದಿಂದ ನಾನೇ ಬೇಡ ಅಂತ..."

ಡಾಕ್ಟರು ಬೈಯಲಿಲ್ಲ. "ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆ ಕಾಲಿಗೆ ಬಲ ಕೊಡಲ್ಲ. ದಿನಾ ಕೂತು ಏಳ್ಬೇಕು, ನಡೀಬೇಕು. ಹೋದದ್ದೆಲ್ಲ ವಾಪಸ್ ಬರ್ತದೆ ಅಂತ ಹೇಳಲಾರೆ, ಸ್ವಲ್ಪ ಬರ್ತದೆ," ಅಂದರು.

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು ಶಿವರಾಮನಿಗೆ.

ಹುಣ್ಣಿಮೆಯ ದಿನ, ಇನ್ನೂ ಮಬ್ಬು ಬೆಳಕು. ಬುಟ್ಟಿ ಶಿವರಾಮನ ತಲೆಯ ಮೇಲೆ. ಮುಂದೆ ಕೋಲು, ಅದರ ಹಿಂದೆ ಅಪ್ಪ. ಅಂಗಳ ದಾಟಿತು. ದಣಪೆಯ ಹತ್ತಿರ ಅಡ್ಡಗಳುವಿನ ಮೇಲೆ ಕಾಲೆತ್ತಿ ಇಡಬೇಕು. ಸೀತಾರಾಮಪ್ಪ ಒಂದು ಸಲ ಎತ್ತಿದ, ಎರಡು ಸಲ ಎತ್ತಿದ. ಮೂರನೆಯ ಸಲ ಎತ್ತಲಿಲ್ಲ.

"ಗಳು ತೆಗೀತೀನಿ ತಡಿ ಅಪ್ಪಯ್ಯ. ಇಲ್ಲಾ, ಎತ್ಕಂಡೇ ಹೋಗ್ತೀನಿ."

"ಗಳು ತೆಗದ್ರೂ ಆಚೆ ಸಂಕ ಅದೆ. ಅದ್ನೂ ತೆಗೀತ್ಯಾ?" ಅಂದವನು ದಣಪೆಯ ಗೂಟ ಹಿಡಿದುಕೊಂಡ. "ನೀ ಹೋಗು. ಹೊತ್ತು ಹುಟ್ಟಿದ ಮೇಲೆ ಚರಗದ ಅನ್ನ ಬೀರಬಾರ್ದು."

ಶಿವರಾಮ ಒಬ್ಬನೇ ಹೋದ. ಸಂಕವನ್ನು ಅಡ್ಡಡ್ಡ ಹೆಜ್ಜೆ ಇಟ್ಟು ದಾಟಿದ. ಗದ್ದೆಯಂಚಿನಲ್ಲಿ ಎರಡು ಕಡೆ ನಿಂತ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂರುವವನು, ಹಾಲಿನ ಡೈರಿಗೂ ಬೈಕಲ್ಲೇ ಹೋಗುವವನು ಅವನು. ತಲೆಯ ಮೇಲಿನ ಬುಟ್ಟಿ ಒಂದು ಮೂಟೆಯಷ್ಟು ಭಾರವಾಗಿತ್ತು. ಅಪ್ಪ ಎಪ್ಪತ್ತರವರೆಗೂ ಇದನ್ನು ಹೊತ್ತು, ನೆಂಟರ ಜೊತೆ ಮಾತಾಡುತ್ತ ಬರುತ್ತಿದ್ದುದು ನೆನಪಾಯಿತು. ಹೊಡೆ ತುಂಬಿ, ತೆನೆ ಬಿಡಲಿರುವ ಪೈರಿಗೆ ಪೂಜೆ ಮಾಡಿ, ಸೊಪ್ಪು ಬೆರೆಸಿದ ಅನ್ನದ ಚರಗವನ್ನು ಗದ್ದೆ ತುಂಬ ಬೀರಿದ. ಆಮೇಲೆ ಭೂಮಿತಾಯಿ ಉಣ್ಣಲೆಂದು ಕೂಗು ಹಾಕಬೇಕು. ಉಸಿರು ಸಾಲದೆ ಕೂಗು ಅರ್ಧಕ್ಕೇ ನಿಂತಿತು. ಆಗ ದಣಪೆಯ ಕಡೆಯಿಂದ ಮುದುಕ ದನಿಯೊಂದು ಅದನ್ನು ಎತ್ತಿಕೊಂಡು ಪೂರ್ತಿ ಮಾಡಿತು.

ವಾಪಸು ಬಂದಾಗ ಸೀತಾರಾಮಪ್ಪ ಗೂಟ ಹಿಡಿದು ನಿಂತೇ ಇದ್ದ. ಪಕ್ಕದಲ್ಲಿ ಖಾಲಿ ಕುರ್ಚಿ.

"ನಾನೇ ತಂದಿಟ್ಟೆ. ಮಾವ ಕೂರಲ್ಲ ಅಂತಾರೆ," ಅಂದಳು ಯಶೋಧಾ.

"ಕೂತ್ರೆ ಏಳಕ್ಕೆ ಇವನ್ನ ಕಾಯ್ಬೇಕು. ಪೈರು ಹೆಂಗದೆ?"

"ಹೊಡೆ ತುಂಬಿದೆ ಅಪ್ಪಯ್ಯ."

"ಎಂತಕ್ಕೆ ಹಂಗೆ ಏದುಸಿರು ಬಿಡ್ತೀ? ಕೂತ್ಕ ಸ್ವಲ್ಪ."

ಶಿವರಾಮ ಕೂತ. ಆ ಕುರ್ಚಿಯಲ್ಲಿ ಅವನು ಕೂತದ್ದು ಅದೇ ಮೊದಲು. ಬೆತ್ತ ಮೈಯನ್ನು ಒಳಕ್ಕೆ ಎಳೆದುಕೊಂಡ ಹಾಗೆ ಹಿತವಾಗಿತ್ತು. ಐದು ನಿಮಿಷ ಬಿಟ್ಟು ಅಪ್ಪನಿಗೆ ಕೈ ಕೊಡಲು ಏಳಹೋದ. ಅವನ ಎರಡೂ ಕೈ ತಾವಾಗಿಯೇ ಕುರ್ಚಿಯ ಕೈಗಳನ್ನು ಒತ್ತಿದವು, ಬಾಯಿಂದ 'ಉಸ್ಸ್' ಬಂತು. ಥೇಟ್ ಅಪ್ಪನ ಹಾಗೆ.

ಸೀತಾರಾಮಪ್ಪ ಅದನ್ನು ನೋಡಿದ. ಕೋಲನ್ನು ಮನೆಯ ಕಡೆ ತಿರುಗಿಸಿ ಹೆಜ್ಜೆ ಹಾಕಿದ.

"ನಾಳಿಂದ ನನ್ನ ಸಂಗ್ತಿ ನೀನೂ ತುಳಸಿಕಟ್ಟೆ ಸುತ್ತು," ಅಂದ, ಹಿಂದೆ ತಿರುಗದೆ. "ನಿನಗೆ ಇನ್ನೂ ಹೊತ್ತು ಅದೆ."

'ನಿನಗೆ' ಎಂದು ಒತ್ತಿ ಹೇಳುವಾಗ ಅಪ್ಪ ಸಿಟ್ಟು ಮಾಡಿದ್ದರೂ ಆಗುತ್ತಿತ್ತು. ಮಾಡಲಿಲ್ಲ. ಮುಂದಿನ ವರ್ಷದ ಭೂಮಿ ಹುಣ್ಣಿಮೆಗೆ ಅಪ್ಪ ದಣಪೆ ದಾಟುತ್ತಾನೋ ಇಲ್ಲವೋ, ಶಿವರಾಮನಿಗೆ ಗೊತ್ತಿರಲಿಲ್ಲ. ಕೈ ಚಾಚದೆ, ಅಪ್ಪನ ಹಿಂದೆ ಹೆಜ್ಜೆಗೊಂದು ಹೆಜ್ಜೆ ಇಡುತ್ತ ನಡೆದ.