ಇಂಗ್ಲಿಷ್ ಆಡಿದರೆ ಮಾತಾಡಿದ ಹಾಗಲ್ಲ

ಗಾಜಿನಂಗಡಿಯ ಅಣ್ಣತಮ್ಮಂದಿರು ಮಾತು ಬಿಟ್ಟು ಒಂದು ಬೇಸಿಗೆಯೇ ಕಳೆದಿತ್ತು. ಹಾಗಂತ ಕೆಲಸ ಬಿಟ್ಟಿರಲಿಲ್ಲ. ಒಂದೇ ಮೇಜಿನ ಆಚೆ ಈಚೆ ನಿಂತು ಒಬ್ಬ ಕಟರಿನಲ್ಲಿ ಗೆರೆ ಎಳೆದರೆ ಇನ್ನೊಬ್ಬ ಗಾಜು ಮುರಿಯುತ್ತಿದ್ದ. ದೊಡ್ಡ ಗಾಜು ಎತ್ತುವಾಗ ನಾಲಿಗೆಯಲ್ಲಿ ‘ಟಕ್’ ಎಂದರೆ ಎತ್ತು, ‘ಟಕ್ ಟಕ್’ ಎಂದರೆ ನಿಲ್ಲು. ಟಕ್ಕಿಗೆ ನಿಲುಕದ ವಿಷಯವಿದ್ದರೆ ಅತ್ತಿಗೆ ಇದ್ದಳು.

ಅತ್ತಿಗೆ ಎಂದರೆ ದೊಡ್ಡವನ ಹೆಂಡತಿ. ಚಿಕ್ಕವನು ಕರೆದೂ ಕರೆದೂ ಬೀದಿಗೆಲ್ಲ ಅತ್ತಿಗೆಯೇ ಆಗಿಬಿಟ್ಟಿದ್ದಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಫೋನು ಎತ್ತುವುದು, ಆರ್ಡರು ಹಿಡಿಯುವುದು ಅವಳ ಕೆಲಸ. ಈಗ ಅದರ ಜೊತೆಗೆ ಇದೂ ಸೇರಿತ್ತು.

“ಇವಳೇ, ನಿನ್ನ ಮೈದುನನಿಗೆ ಹೇಳು, ಆ ಕನ್ನಡಿ ಅಂಚು ಇನ್ನೂ ಉಜ್ಜಿಲ್ಲ ಅಂತ.”

“ಅತ್ತಿಗೆ, ನಿಮ್ಮ ಯಜಮಾನರಿಗೆ ಹೇಳಿ, ಉಜ್ಜಿ ಆಯ್ತು, ಕನ್ನಡಕ ಹಾಕ್ಕೊಂಡು ನೋಡ್ಲಿ ಅಂತ.”

ಇಬ್ಬರ ನಡುವೆ ಇದ್ದದ್ದು ಒಂದು ಮೇಜು. “ಇಬ್ಬರಿಗೂ ಕೇಳಿಸ್ತಲ್ಲ, ಮತ್ತೆ ನಾನ್ಯಾಕೆ?” ಎಂದು ಅವಳು ಕೇಳಿದರೆ, “ಕೇಳಿಸೋದು ಬೇರೆ, ಹೇಳೋದು ಬೇರೆ,” ಎನ್ನುತ್ತಿದ್ದ ದೊಡ್ಡವನು.

ಜಗಳಕ್ಕೆ ಕಾರಣ ಒಂದೇ ಒಂದು ಮಾತು. ಗಿರಾಕಿಯೊಬ್ಬರು ಬಂದು ತಮ್ಮ ಗಾಜಿನ ಮೂಲೆ ಒಡೆದಿದೆ ಎಂದು ಕೂಗಾಡಿದಾಗ ದೊಡ್ಡವನು, “ನಮ್ಮ ಕೆಲಸದವನು ಒಡೆದುಬಿಟ್ಟ ಸಾರ್,” ಎಂದಿದ್ದ. ಒಡೆದದ್ದು ಚಿಕ್ಕವನೇ. ಅದಕ್ಕೆ ಅವನ ತಕರಾರಿರಲಿಲ್ಲ. ಆದರೆ ಕೆಲಸದವನು? ಒಡಹುಟ್ಟಿದವನು ಕೆಲಸದವನಾ? ಅಲ್ಲಿಗೆ ಚಿಕ್ಕವನು ಬಾಯಿ ಮುಚ್ಚಿದ. ಎರಡು ದಿನ ನೋಡಿ ದೊಡ್ಡವನೂ ಮುಚ್ಚಿದ.

ಬೇಸಿಗೆ ಮುಗಿಯುವ ಹೊತ್ತಿಗೆ ಅತ್ತಿಗೆಯ ಮೂಲಕವೇ ಒಂದು ತೀರ್ಮಾನವಾಯಿತು. ಅಂಗಡಿಯ ನಡುವೆ ಗೋಡೆ ಹಾಕಿ ಎರಡು ಮಾಡುವುದು. ಗಾಜಿನಂಗಡಿಯಾದ್ದರಿಂದ ಗಾಜಿನ ಗೋಡೆ. ಆ ಅಂಗಡಿಯೋ, ಪೂರ್ತಿ ಗಾಜೊಂದನ್ನು ತಿರುಗಿಸಬೇಕಾದರೆ ಅತ್ತಿಗೆ ಕುರ್ಚಿ ಸಮೇತ ಬೀದಿಗೆ ಇಳಿಯಬೇಕು, ಅಷ್ಟು ಇಕ್ಕಟ್ಟು. ಎರಡಾದರೆ ಯಾವ ಪಾಲಿನಲ್ಲೂ ಗಾಜು ತಿರುಗುವುದಿಲ್ಲ. ಇದನ್ನು ಅವಳು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದಳು. ಇಬ್ಬರೂ ಬೇರೆಬೇರೆಯಾಗಿ, “ಅದು ಅವನ ತಲೆನೋವು,” ಎಂದರು. ಅವಳ ಭಯ ಇನ್ನೂ ಒಂದಿತ್ತು: ಅಂಗಡಿ ಎರಡಾದರೆ ನಾಳೆ ಒಲೆಯೂ ಎರಡಾಗುತ್ತದೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ಅವಳು ಕೇಳಿದ್ದಳು. ತನ್ನ ಮನೆಯಲ್ಲೇ ಅದು ಗಾಜಿನ ಗೋಡೆಯಾಗಿ ನಿಲ್ಲುತ್ತದೆ ಎಂದುಕೊಂಡಿರಲಿಲ್ಲ.

ಅವಳು ಇಂಗ್ಲಿಷ್ ತರಗತಿಗೆ ಸೇರಿದ್ದಕ್ಕೂ ಈ ಜಗಳಕ್ಕೂ ಸಂಬಂಧವಿಲ್ಲ. ಒಮ್ಮೆ ಮನೆ ಕಟ್ಟಿಸುವ ಎಂಜಿನಿಯರ್ ಫೋನಿನಲ್ಲಿ ‘ಬಾಲ್‌ಪಾರ್ಕ್ ಫಿಗರ್’ ಹೇಳಿ ಎಂದಿದ್ದರು. ಅವಳು, “ಪಾರ್ಕಿನ ಕೆಲಸ ನಾವು ಮಾಡಲ್ಲ ಸಾರ್, ಕಿಟಕಿ, ಬಾತ್‌ರೂಮು ಅಷ್ಟೆ,” ಎಂದಿದ್ದಳು. ಅಂದಾಜು ಎಷ್ಟಾಗುತ್ತದೆ ಎಂದು ಕೇಳಿದ್ದಂತೆ ಅವರು. ಆರ್ಡರು ಹೋಯಿತು. ಮರುದಿನವೇ ಅವಳು ಔಷಧಿ ಅಂಗಡಿಯ ಮಹಡಿಯ ಮೇಲಿನ ಸಂಜೆ ತರಗತಿಗೆ ಹೆಸರು ಕೊಟ್ಟಳು.

ಅಲ್ಲಿನ ಮೇಡಂ ಕಲಿಸುತ್ತಿದ್ದದ್ದು ಇಂಗ್ಲಿಷಿನ ನುಡಿಗಟ್ಟುಗಳನ್ನು. ಅವರದ್ದು ಒಂದೇ ನಿಯಮ: “ಬಾಯಿಪಾಠ ಮಾಡಬೇಡಿ. ಮನೇಲಿ ಆಡಿ. ನಿಜವಾದ ಮನುಷ್ಯರ ಹತ್ರ, ನಿಜವಾದ ಕೆಲಸಕ್ಕೆ ಆಡಿ. ಗೋಡೆಗೆ ಹೇಳಿದ್ದು ಲೆಕ್ಕಕ್ಕಿಲ್ಲ.”

ನಿಜವಾದ ಮನುಷ್ಯರೆಂದು ಅತ್ತಿಗೆಗೆ ಸಿಗುತ್ತಿದ್ದವರು ಇವರಿಬ್ಬರೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಅವಳು ಶುರು ಮಾಡಿದಳು: “ಪೀಸ್ ಆಫ್ ಕೇಕ್. ಅಂದ್ರೆ ನೀರು ಕುಡಿದಷ್ಟು ಸುಲಭ.” ಇಬ್ಬರೂ ತಲೆಯಾಡಿಸಿದರು. ಊಟವಾದ ಮೇಲೆ ದೊಡ್ಡವನು ದುಂಡು ಗಾಜು ಕತ್ತರಿಸಲು ಹೋಗಿ ಎರಡು ಸಲ ಕೆಡಿಸಿದ. ಮೂರನೆಯದಕ್ಕೆ ಕೈ ಹಾಕುವಾಗ ಚಿಕ್ಕವನು ಕಟರನ್ನು ಅವನ ಕೈಯಿಂದ ತೆಗೆದುಕೊಂಡು ಒಂದೇ ಸುತ್ತಿಗೆ ಕತ್ತರಿಸಿ, ಅಣ್ಣನ ಮುಖ ನೋಡಿ ಹೇಳಿದ: “ಪೀಸ್ ಆಫ್ ಕೇಕ್.”

ಅತ್ತಿಗೆ ಫೋನು ಕೆಳಗಿಟ್ಟಳು.

ದೊಡ್ಡವನು ದುಂಡು ಗಾಜನ್ನು ಬೆಳಕಿಗೆ ಹಿಡಿದು ನೋಡಿದ. ಕೆಳಗಿಟ್ಟ. “ಇವಳೇ,” ಎಂದ, “ನಿನ್ನ ಮೈದುನ ನನ್ನ ಹತ್ರ ಮಾತಾಡಿದ್ನಾ?”

“ಇಲ್ಲ ಅತ್ತಿಗೆ,” ಎಂದ ಚಿಕ್ಕವನು, “ಅದು ಇಂಗ್ಲಿಷು. ಇಂಗ್ಲಿಷ್ ಆಡಿದ್ರೆ ಮಾತಾಡಿದ ಹಾಗಲ್ಲ.”

ದೊಡ್ಡವನು ಯೋಚಿಸಿದ. ಅದು ನ್ಯಾಯವಾಗಿಯೇ ಕಂಡಿತು. “ಹಾಗಾದ್ರೆ ನನಗೂ ಒಂದು ಹೇಳಿಕೊಡು,” ಎಂದ ಹೆಂಡತಿಗೆ.

ಅಂದಿನಿಂದ ಅತ್ತಿಗೆಗೆ ಸಂತೆಯಲ್ಲಿ ಅಂಗಡಿ ಇಟ್ಟವಳ ಪಾಡು. ತರಗತಿ ಮುಗಿಸಿ ಬಂದರೆ ಚಪ್ಪಲಿ ಬಿಡುವ ಮೊದಲೇ ವಿಚಾರಣೆ.

“ಅತ್ತಿಗೆ, ಸೋಮಾರಿಗಳಿಗೆ ಹೇಳೋಕೆ ಏನಾದ್ರೂ ಬಂತಾ ಇವತ್ತು?”

“ಲೇ, ತಪ್ಪು ಮಾಡಿ ಇನ್ನೊಬ್ಬರ ಮೇಲೆ ಹಾಕೋರಿಗೆ ಇಂಗ್ಲಿಷಿನವರು ಏನಂತಾರೆ?”

“ಮಡಕೆ ಹೋಗಿ ಕೆಟಲಿಗೆ ಕಪ್ಪು ಅಂತಂತೆ ಅಂತಾರೆ ರೀ. ಪಾಟ್ ಕಾಲಿಂಗ್ ದ ಕೆಟಲ್ ಬ್ಲ್ಯಾಕ್. ನಮ್ಮಲ್ಲಿ ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದ ತಟ್ಟೆಯ ನೊಣ ಹುಡುಕಿದ ಅನ್ನಲ್ವಾ, ಹಾಗೆ.”

“ಹೆಗ್ಗಣಾನೇ ಚೆನ್ನಾಗಿತ್ತು,” ಎಂದ ದೊಡ್ಡವನು. “ಇರಲಿ, ಕೊಡು.”

ಮರುದಿನ ಬೆಳಿಗ್ಗೆ ಚಿಕ್ಕವನು ತಡವಾಗಿ ಬಂದಾಗ ದೊಡ್ಡವನು, “ಬೆಟರ್ ಲೇಟ್ ದ್ಯಾನ್ ನೆವರ್,” ಎಂದ. ಬಾರದೇ ಇರುವುದಕ್ಕಿಂತ ತಡವಾದರೂ ಸೈ. ಚಿಕ್ಕವನು ‘ಪಾಟ್, ಕೆಟಲ್’ ಎಂದ. ಅವಸರ ಮಾಡಿದರೆ ‘ಹೋಲ್ಡ್ ಯುವರ್ ಹಾರ್ಸಸ್’, ಎಂದರೆ ಸ್ವಲ್ಪ ತಾಳಪ್ಪಾ. ಅತ್ತಿಗೆ ಜಾಣತನ ಮಾಡಿ, ರಕ್ತ ನೀರಿಗಿಂತ ಗಟ್ಟಿ ಎಂಬ ‘ಬ್ಲಡ್ ಈಸ್ ಥಿಕರ್ ದ್ಯಾನ್ ವಾಟರ್’ ತಂದಳು. ಚಿಕ್ಕವನ ಬೆರಳಿಗೆ ಗಾಜು ತಾಗಿದಾಗ ದೊಡ್ಡವನು ಬಟ್ಟೆ ಸುತ್ತುತ್ತಾ ಅದನ್ನೇ ಹೇಳಿದ. ಅತ್ತಿಗೆಗೆ ಕಣ್ಣು ತುಂಬಿ ಬಂತು. ಆಮೇಲೆ ನೋಡಿದರೆ ಅವನು ಹೇಳಿದ್ದು ರಕ್ತ ಹೆಪ್ಪುಗಟ್ಟಿತು ಎಂಬ ಅರ್ಥದಲ್ಲಿ.

ಇಷ್ಟೆಲ್ಲ ಆದರೂ ಗೋಡೆಯ ಮಾತು ನಿಲ್ಲಲಿಲ್ಲ. ಅದು ಕನ್ನಡದಲ್ಲಿ ಆಗಿದ್ದ ತೀರ್ಮಾನ. ಗಾಜಿನ ಅಂಚು ಕೂರಿಸಲು ಅಟ್ಟದ ತೊಲೆಗೊಂದು, ನೆಲಕ್ಕೊಂದು ಚಾನಲ್ ಪಟ್ಟಿ ಹೊಡೆದಾಗಿತ್ತು. ಭಾನುವಾರ ಬೆಳಿಗ್ಗೆ, ಬೀದಿಯಲ್ಲಿ ಜನ ಕಡಿಮೆ ಇರುವಾಗ, ಮೊದಲನೆಯ ಗಾಜನ್ನು ನಿಲ್ಲಿಸುವುದು ಎಂದಾಯಿತು.

ಗಾಜಿನ ಕೆಲಸದಲ್ಲಿ ಒಂದು ಕ್ರಮವಿದೆ. ಜಾಗದ ಅಳತೆ ಎಷ್ಟಿದೆಯೋ ಅಷ್ಟೇ ಗಾಜು ಕತ್ತರಿಸಿದರೆ ಅದು ಪಟ್ಟಿಯೊಳಗೆ ಇಳಿಯುವುದಿಲ್ಲ. ಅಳತೆಯಲ್ಲಿ ಸ್ವಲ್ಪ ಕಳೆಯಬೇಕು. ಆ ಅಂಗಡಿಯಲ್ಲಿ ಯಾವತ್ತೂ ಅಳತೆ ತೆಗೆಯುವವನು ದೊಡ್ಡವನು, ಕಳೆದು ಕತ್ತರಿಸುವವನು ಚಿಕ್ಕವನು. “ನಾನು ಕಳೆದಿಲ್ಲ ಕಣೋ,” ಎಂದು ದೊಡ್ಡವನು ಕೂಗುತ್ತಿದ್ದ, “ಕಳೆದೆ ಕಣಣ್ಣ,” ಎಂದು ಚಿಕ್ಕವನು ಕೂಗುತ್ತಿದ್ದ. ಮಾತು ಬಿಟ್ಟ ಮೇಲೆ ಆ ಕೂಗು ಅತ್ತಿಗೆಯ ಬಾಯಿಂದ ಹೋಗುತ್ತಿತ್ತು. ಈ ಗಾಜಿನ ಅಳತೆ ತೆಗೆದ ಹೊತ್ತಿಗೆ ಅತ್ತಿಗೆ ತರಗತಿಯಲ್ಲಿದ್ದಳು.

ಟಕ್. ಎತ್ತಿದರು. ಆಳೆತ್ತರ ಮೀರಿದ ಗಾಜು, ಒಂದೊಂದು ಅಂಚಿನಲ್ಲಿ ಒಬ್ಬೊಬ್ಬ. ಕೆಳಗಿನ ಪಟ್ಟಿಯಲ್ಲಿ ಕೂರಿಸಿದರು, ಮೇಲಕ್ಕೆ ನೋಡಿದರು. ಗಾಜಿನ ತಲೆ ಮೇಲಿನ ಪಟ್ಟಿಗೆ ಮುಟ್ಟಲೇ ಇಲ್ಲ. ನಡುವೆ ಬೆರಳು ತೂರುವಷ್ಟು ಗಾಳಿ. ಈಗ ಕೈ ಬಿಟ್ಟರೆ ಗಾಜು ಯಾವ ಕಡೆಗಾದರೂ ಬೀಳಬಹುದು.

“ಪಾಟ್ ಕಾಲಿಂಗ್ ದ ಕೆಟಲ್,” ಎಂದ ದೊಡ್ಡವನು ನಿಧಾನವಾಗಿ.

“ಪೀಸ್ ಆಫ್ ಕೇಕ್,” ಎಂದು ಚಿಕ್ಕವನು ಹಲ್ಲು ಕಚ್ಚಿದ.

“ಬೆಟರ್ ಲೇಟ್!”

“ಬ್ಲಡ್ ಈಸ್ ಥಿಕರ್!”

ಗಾಜಿಗೆ ಅತ್ತಿತ್ತ ಒತ್ತು ಕೊಡುವ ಮರದ ಬೆಣೆಗಳು ಅತ್ತಿಗೆಯ ಕುರ್ಚಿಯ ಕೆಳಗಿದ್ದವು. ಅವಳು ಎದ್ದಳು. ಬೆಣೆಗಳನ್ನು ಕೈಗೆತ್ತಿಕೊಂಡಳು. ಇಬ್ಬರ ಮುಖವನ್ನೂ ನೋಡಿದಳು. ಮತ್ತೆ ಕೂತಳು.

“ಲೇ, ಬೆಣೆ ಕೊಡೇ!”

“ಹೋಲ್ಡ್ ಯುವರ್ ಹಾರ್ಸಸ್,” ಎಂದಳು ಅತ್ತಿಗೆ.

ಚಿಕ್ಕವನು ಇನ್ನೊಮ್ಮೆ ಪೀಸ್ ಆಫ್ ಕೇಕ್ ಎಂದ. ಅದು ಅಲ್ಲಿಗೆ ಹೊಂದುತ್ತಿರಲಿಲ್ಲ, ಅವನಿಗೂ ಗೊತ್ತಿತ್ತು. ಇಬ್ಬರ ಬಳಿಯೂ ಸರಕು ಮುಗಿದಿತ್ತು. ಕಳೆದ ಅಳತೆಯನ್ನೇ ಮತ್ತೆ ಕಳೆದವರು ಯಾರು ಎಂದು ಕೇಳುವ ನುಡಿಗಟ್ಟನ್ನು ಮೇಡಂ ಇನ್ನೂ ಹೇಳಿಕೊಟ್ಟಿರಲಿಲ್ಲ.

ದೊಡ್ಡವನ ಹಣೆಯ ಬೆವರು ಕಣ್ಣಿಗಿಳಿಯಿತು. “ನೀನು ಕಳೆದ್ಯೇನೋ?” ಎಂದ.

“ಕಳೀದೇ ಇರ್ತೀನಾ? ಯಾವತ್ತೂ ಕಳೆಯೋನು ನಾನು!”

“ನಾನೂ ಕಳೆದೆನಲ್ಲೋ! ಹೇಳೋಕೆ ಇವಳಿರಲಿಲ್ಲ, ನೀನು ಕಳೀತೀಯೋ ಇಲ್ವೋ ಅಂತ ನಾನೇ ಕಳೆದೆ.”

“ಅಷ್ಟು ನಂಬಿಕೆ ಇಲ್ವಾ ನನ್ನ ಮೇಲೆ? ಎಲ್ಲಿಂದ ಬರಬೇಕು, ನಾನು ಕೆಲಸದವನಲ್ವಾ!”

“ಏ, ಗಾಜು ಸರಿಯಾಗಿ ಹಿಡಿ. ಆವತ್ತು ತಮ್ಮ ಒಡೆದ ಅಂದಿದ್ರೆ ಆ ಮನುಷ್ಯ ನಿನಗೆ ಉಗೀತಿದ್ದ. ಕೆಲಸದವನು ಅಂದ್ರೆ ಯಜಮಾನನಿಗೆ ಉಗೀತಾನೆ. ಉಗಿದ, ನಾನು ಒರೆಸಿಕೊಂಡೆ.”

ಚಿಕ್ಕವನು ಗಾಜಿನ ಮೂಲಕ ಅಣ್ಣನನ್ನು ನೋಡಿದ. “ಇದನ್ನ ಆವತ್ತೇ ಹೇಳೋಕೆ ಏನಾಗಿತ್ತು?”

“ಹೇಗೆ ಹೇಳಲಿ? ನೀನು ಮಾತು ಬಿಟ್ಟಿದ್ದೆ!”

ಇದು ನಿಜವೋ, ಗಾಜು ಹಿಡಿದು ನಿಂತಾಗ ಹೊಳೆದ ಸಮಜಾಯಿಷಿಯೋ ಅತ್ತಿಗೆಗೂ ಗೊತ್ತಿಲ್ಲ. ಅವಳು ಎದ್ದುಹೋಗಿ ಬೆಣೆ ಕೊಟ್ಟಳು.

ಆ ಹೊತ್ತಿಗೆ ಸರಿಯಾಗಿ, ಅಂಗಡಿ ತೆರೆದಿರುವುದು ಕಂಡು ಗಿರಾಕಿಯೊಬ್ಬರು ಒಳಬಂದರು. ಅಡ್ಡಡ್ಡ ನಿಂತ ಗಾಜನ್ನೂ ಮೇಲಿನ ಗಾಳಿಯನ್ನೂ ನೋಡಿ, “ಇದೇನ್ರೀ, ಯಾರು ಮಾಡಿದ್ದು ಈ ಕೆಲಸ?” ಎಂದರು.

“ನನ್ನ ತಮ್ಮ,” ಎಂದ ದೊಡ್ಡವನು.

“ನಮ್ಮಣ್ಣ,” ಎಂದ ಚಿಕ್ಕವನು ಅದೇ ಉಸಿರಿಗೆ.

ವಾರದ ಕೊನೆಗೆ ಮೇಡಂ, “ಕಲಿಸಿದ್ದೆಲ್ಲಾ ಉಪಯೋಗ ಆಯ್ತೇನಮ್ಮಾ?” ಎಂದು ಕೇಳಿದರು. “ಆಯ್ತು ಮೇಡಂ, ಒಂದೂ ಉಳೀಲಿಲ್ಲ,” ಎಂದಳು ಅತ್ತಿಗೆ.

ಆ ಗಾಜು ಈಗಲೂ ಅಂಗಡಿಯ ಗೋಡೆಗೆ ಒರಗಿದೆ. ತೊಲೆಯ ಪಟ್ಟಿಯೂ ಹಾಗೇ ಇದೆ. ಅಂಗಡಿ ಎರಡು ಮಾಡುವುದನ್ನು ಅವರೇನೂ ಕೈಬಿಟ್ಟಿಲ್ಲ. ಹೊಸ ಗಾಜಿಗೆ ಅಳತೆ ಯಾರು ತೆಗೆಯಬೇಕು, ಯಾರು ಕಳೆಯಬೇಕು ಎಂಬುದೊಂದು ತೀರ್ಮಾನವಾಗಬೇಕು. ಅದರ ಮಾತು ಬೆಳಿಗ್ಗೆ ಬಾಗಿಲು ತೆಗೆದಾಗ ಶುರುವಾದರೆ ಸಂಜೆ ಬಾಗಿಲು ಹಾಕುವವರೆಗೂ ನಡೆಯುತ್ತಿರುತ್ತದೆ.